ಸಣ್ಣ ಸೈಟಿಗೆ ಯಾವ ಡೇಟಾಬೇಸ್? ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಂಗಳೂರು ಕಡೆಯ ಅಂಗಡಿ, ಹೋಂಸ್ಟೇ, ಯುವಕ ಮಂಡಲಗಳಿಗೆ ಸೈಟ್ ಮಾಡಿಕೊಡುವುದು ನನ್ನ ಕೆಲಸ. ಫೋನಿನಲ್ಲಿ, ವಾಟ್ಸಾಪಿನಲ್ಲಿ, ಕಲ್ಸಂಕದಲ್ಲಿ ಚಾ ಕುಡಿಯುವಾಗ ಕೇಳಿದ್ದನ್ನೇ ಜನ ಮತ್ತೆ ಕೇಳುತ್ತಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ಮೊದಲು ಸುಲಭದ್ದು, ಆಮೇಲೆ ತಲೆ ತಿನ್ನುವಂಥದ್ದು.

## ಶುರು ಮಾಡುವವರಿಗೆ

ಐದು ಪುಟದ ಸೈಟಿಗೆ ಡೇಟಾಬೇಸ್ ಬೇಕೇ ಬೇಕಾ ಮಾರಾಯ್ರೆ?

ಬೇಡ. ವಿಳಾಸ, ಬಾಗಿಲು ತೆರೆಯುವ ಹೊತ್ತು, ನಾಲ್ಕು ಫೋಟೊ, ಫೋನ್ ನಂಬರ್ ಇಷ್ಟೇ ಇದ್ದರೆ ಸಾದಾ ಎಚ್‌ಟಿಎಂಎಲ್ ಪುಟ ಸಾಕು. ನಾನು ಕೇಳುವುದು ಒಂದೇ: ಸೈಟಿಗೆ ಬಂದವರು ಅಲ್ಲಿ ಏನಾದರೂ ಬರೆದು ಹೋಗುತ್ತಾರಾ? ಬುಕಿಂಗ್, ಆರ್ಡರ್, ಹೆಸರು ನೋಂದಣಿ ಹೀಗೆ ಏನಾದರೂ ಇದ್ದರೆ ಡೇಟಾಬೇಸ್ (ಮಾಹಿತಿಯನ್ನು ಸಾಲು, ಕಾಲಂಗಳ ಕೋಷ್ಟಕದಲ್ಲಿ ಇಡುವ ವ್ಯವಸ್ಥೆ) ಬೇಕು. ಬರೀ ಓದಿ ಹೋಗುವವರಾದರೆ ಬೇಡ.

ಯಕ್ಷಗಾನ ಮೇಳದ ತಿರುಗಾಟದ ಪಟ್ಟಿಯನ್ನೇ ನೋಡಿ. ನವೆಂಬರ್ ಹೊತ್ತಿಗೆ ಹೊರಟ ಮೇಳ ಮೇ ಕೊನೆಯ ಹೊತ್ತಿನ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತದೆ. ರಾತ್ರಿಗೆ ಒಂದು ಆಟ ಎಂದರೆ ಹೆಚ್ಚುಕಡಿಮೆ 180 ಸಾಲು. ಬದಲಾಯಿಸುವವರು ಒಬ್ಬರೇ, ಅದೂ ದಿನಕ್ಕೆ ಒಂದು ಸಲ. ಅದಕ್ಕೆ ಒಂದು ಸಿಎಸ್‌ವಿ ಫೈಲ್ (ನಡುವೆ ಅಲ್ಪವಿರಾಮ ಹಾಕಿ ಬರೆದ ಸಾದಾ ಪಟ್ಟಿ) ಧಾರಾಳ ಆಯಿತು.

ಗೂಗಲ್ ಶೀಟ್‌ನಲ್ಲೇ ಇಟ್ಟರೆ ಆಗುವುದಿಲ್ಲವಾ? ನಮ್ಮ ಮ್ಯಾನೇಜರಿಗೆ ಅದು ಮಾತ್ರ ಗೊತ್ತು.

ತಿಂಡಿಯ ದರಪಟ್ಟಿ ತೋರಿಸಲು ಆಗುತ್ತದೆ. ಬುಕಿಂಗಿಗೆ ಬೇಡ. ಶೀಟಿನಿಂದ ನಿಮಿಷಕ್ಕೆ ಎಷ್ಟು ಸಲ ಓದಬಹುದು ಎಂಬುದಕ್ಕೆ ಮಿತಿ ಉಂಟು. ಇಬ್ಬರು ಒಟ್ಟಿಗೆ ಬರೆದಾಗ ಯಾರದ್ದು ಉಳಿಯಬೇಕು ಎಂದು ತೀರ್ಮಾನಿಸುವ ವ್ಯವಸ್ಥೆಯೂ ಅದರಲ್ಲಿಲ್ಲ. ಮೇಲಾಗಿ ಮ್ಯಾನೇಜರ್ ಒಂದು ದಿನ ಚಂದ ಕಾಣಲಿ ಎಂದು ನಡುವೆ ಒಂದು ಕಾಲಂ ಸೇರಿಸುತ್ತಾರೆ, ಸೈಟ್ ಅಲ್ಲಿಗೆ ಮಲಗುತ್ತದೆ.

ಈ ಎಸ್‌ಕ್ಯೂಲೈಟ್ ಎಂದರೆ ಎಂತ? ಇನ್‌ಸ್ಟಾಲ್ ಎಲ್ಲಿ ಮಾಡುವುದು?

ಇನ್‌ಸ್ಟಾಲ್ ಮಾಡುವಂಥದ್ದು ಏನೂ ಇಲ್ಲ. ಗೊಂದಲವೂ ಅಲ್ಲೇ. ಮೈಎಸ್‌ಕ್ಯೂಎಲ್ ಥರದ ಡೇಟಾಬೇಸುಗಳು ಸೊಸೈಟಿಯ ಕೌಂಟರ್ ಇದ್ದ ಹಾಗೆ. ಒಳಗೆ ಗುಮಾಸ್ತರು ಕೂತಿರುತ್ತಾರೆ, ನೀವು ಚೀಟಿ ಕೊಡಬೇಕು, ಅವರು ಕಡತ ತೆಗೆದು ಕೊಡುತ್ತಾರೆ. ಆ ಗುಮಾಸ್ತರು ಇಪ್ಪತ್ನಾಲ್ಕು ಗಂಟೆಯೂ ಅಲ್ಲೇ ಇರಬೇಕು, ಮೆಮೊರಿ ತಿನ್ನುತ್ತಿರಬೇಕು. ಎಸ್‌ಕ್ಯೂಲೈಟ್ ಕೂಡ ಡೇಟಾಬೇಸೇ, ಆದರೆ ನಿಮ್ಮ ಮನೆಯ ಕಪಾಟಿನ ಹಾಗೆ. ಬೀಗದ ಕೈ ನಿಮ್ಮ ಪ್ರೋಗ್ರಾಮಿನ ಹತ್ತಿರವೇ ಉಂಟು. ಎಲ್ಲ ಕೋಷ್ಟಕಗಳೂ ಒಂದೇ ಫೈಲಿನಲ್ಲಿ ಕೂತಿರುತ್ತವೆ.

ಇದನ್ನು ಬರೆದವರು ಅಮೆರಿಕದ ರಿಚರ್ಡ್ ಹಿಪ್. ಯುದ್ಧನೌಕೆಯೊಂದರ ತಂತ್ರಾಂಶದ ಕೆಲಸದಲ್ಲಿದ್ದಾಗ ಡೇಟಾಬೇಸ್ ಸರ್ವರ್ ನಿಂತರೆ ಇವರ ತಂತ್ರಾಂಶವೂ ನಿಲ್ಲುತ್ತಿತ್ತು. ಬೈಗುಳ ಮಾತ್ರ ಇವರಿಗೆ. ಸರ್ವರೇ ಇಲ್ಲದ ಡೇಟಾಬೇಸ್ ಆಗಬಾರದೇಕೆ ಎಂದು 2000ದಲ್ಲಿ ಮೊದಲ ಆವೃತ್ತಿ ಹೊರಗೆ ಬಂತು. ಹೆಸರನ್ನು ಅವರು ಹೇಳುವುದು ಎಸ್-ಕ್ಯೂ-ಎಲ್-ಐಟ್ ಎಂದು, ಕಲ್ಲುಗಳ ಹೆಸರಿನ ಹಾಗೆ. ಗ್ರಾನೈಟ್, ಲ್ಯಾಟರೈಟ್ ಇದ್ದಂತೆ. ಲ್ಯಾಟರೈಟ್ ಎಂದರೆ ನಮ್ಮ ಮುರಕಲ್ಲು. ನಾವೆಲ್ಲ ಎಸ್‌ಕ್ಯೂಲೈಟ್ ಎಂದೇ ರೂಢಿ ಮಾಡಿಕೊಂಡಿದ್ದೇವೆ, ಇರಲಿ ಬಿಡಿ.

ಧರ್ಮಕ್ಕೆ ಸಿಗುವುದಲ್ವಾ? ನಂಬಿ ವ್ಯಾಪಾರ ಮಾಡಬಹುದಾ?

ನಿಮ್ಮ ಜೇಬಿನಲ್ಲಿರುವ ಫೋನ್ ಆಗಲೇ ನಂಬಿದೆ. ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಇದು ಇದೆ. ವಾಟ್ಸಾಪ್ ನಿಮ್ಮ ಫೋನಿನಲ್ಲಿ ಮೆಸೇಜುಗಳನ್ನು ಇಡುವುದೂ ಎಸ್‌ಕ್ಯೂಲೈಟ್ ಫೈಲಿನಲ್ಲೇ. ಇದಕ್ಕೆ ಲೈಸೆನ್ಸ್ ಎಂಬುದೇ ಇಲ್ಲ, ಸಾರ್ವಜನಿಕರ ಸೊತ್ತು. 2050ರವರೆಗೆ ನೋಡಿಕೊಳ್ಳುವ ಉದ್ದೇಶ ಇದೆ ಎಂದು ಮಾಡಿದವರೇ ಹೇಳಿದ್ದಾರೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದತ್ತಾಂಶ ಕಾಪಿಡಲು ಶಿಫಾರಸು ಮಾಡುವ ಫೈಲ್ ಮಾದರಿಗಳಲ್ಲಿ ಇದೂ ಒಂದು.

## ಆಯ್ಕೆ ಮಾಡುವಾಗ

ಮೈಎಸ್‌ಕ್ಯೂಎಲ್, ಮರಿಯಾಡಿಬಿ, ಪೋಸ್ಟ್‌ಗ್ರೆಸ್... ಯಾವುದಾದರೂ ಒಂದು ಹೇಳಿಬಿಡಿ.

ಒಂದೇ ಸರ್ವರಿನಲ್ಲಿ ಓಡುವ ನಿಮ್ಮದೇ ಕೋಡ್ ಆದರೆ ಎಸ್‌ಕ್ಯೂಲೈಟ್. ಸೈಟ್ ಕಟ್ಟಲು ಬಳಸುವ ಜ್ಯಾಂಗೊ ಎಂಬ ತಂತ್ರಾಂಶದಲ್ಲಿ ಹೊಸ ಪ್ರಾಜೆಕ್ಟ್ ತೆರೆದರೆ ಮೊದಲೇ ಕೂತಿರುವುದು ಇದೇ. ಅಂಥದ್ದೇ ಇನ್ನೊಂದು, 2024ರಲ್ಲಿ ಬಂದ ಲಾರಾವೆಲ್ 11ರಲ್ಲೂ ಹಾಗೆಯೇ.

ಶೇರ್ಡ್ ಹೋಸ್ಟಿಂಗ್ (ಒಂದೇ ಸರ್ವರಿನಲ್ಲಿ ಹಲವರ ಸೈಟಿಗೆ ಬಾಡಿಗೆ ಜಾಗ) ತೆಗೆದುಕೊಂಡು ರೆಡಿಮೇಡ್ ಪಿಎಚ್‌ಪಿ ತಂತ್ರಾಂಶ ಹಾಕುವವರಾದರೆ ಅವರು ಕೊಟ್ಟ ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ ಬಳಸಿ. ಎರಡೂ ಒಂದೇ ಮನೆಯವು. ಮೈಎಸ್‌ಕ್ಯೂಎಲ್ ಒರೇಕಲ್ ಕೈಗೆ ಹೋಗುತ್ತದೆ ಎಂದಾದಾಗ ಅದರ ಮೂಲ ಕರ್ತೃ ಮೈಕೆಲ್ ವಿಡೇನಿಯಸ್ 2009ರಲ್ಲಿ ಬೇರೆ ಒಲೆ ಹೂಡಿದರು. ದೊಡ್ಡ ಮಗಳು ಮೈ, ಸಣ್ಣ ಮಗಳು ಮರಿಯಾ. ಎರಡೂ ಹೆಸರು ಬಂದದ್ದು ಹಾಗೆ.

ಪೋಸ್ಟ್‌ಗ್ರೆಸ್ ಈ ಮೂರರಲ್ಲಿ ಹೆಚ್ಚು ಕಟ್ಟುನಿಟ್ಟು, ಹೆಚ್ಚು ಸಾಮರ್ಥ್ಯದ್ದು. ನನಗೆ ಇಷ್ಟ. ಆದರೆ ಅದನ್ನು ನೋಡಿಕೊಳ್ಳಲು ಒಬ್ಬರು ಬೇಕು. ದಿನಕ್ಕೆ ಎಂಟು ಆರ್ಡರ್ ಬರುವ ಹಪ್ಪಳದ ಅಂಗಡಿಗೆ ಅದು ಜಾಸ್ತಿ ಆಯಿತು.

ನಮ್ಮದು ವರ್ಡ್‌ಪ್ರೆಸ್. ಎಸ್‌ಕ್ಯೂಲೈಟಿಗೆ ಬದಲಾಯಿಸಲಾ?

ಸುಮ್ನೆ ಬೇಡ. ಅದಕ್ಕೆಂದೇ ಪ್ಲಗಿನ್ (ಮೇಲಿಂದ ಸೇರಿಸುವ ತುಣುಕು) ಉಂಟು, ಕೆಲಸವನ್ನೂ ಮಾಡುತ್ತದೆ. ಆದರೆ ಉಳಿದ ಪ್ಲಗಿನ್‌ಗಳನ್ನು ಬರೆದವರು ಮೈಎಸ್‌ಕ್ಯೂಎಲ್ ಮನಸ್ಸಿನಲ್ಲಿಟ್ಟುಕೊಂಡು ಬರೆದಿರುತ್ತಾರೆ. ಯಾವುದು ಯಾವಾಗ ಕೈಕೊಡುತ್ತದೆ ಎಂದು ಹುಡುಕುತ್ತಾ ಕೂರಬೇಕಾಗುತ್ತದೆ.

ದಿನಕ್ಕೆ ಎಷ್ಟು ಜನ ಬಂದರೆ ತಡೆಯುತ್ತದೆ? ಕೃಷ್ಣ ಮಠದ ಪರ್ಯಾಯದ ಸಮಯದಲ್ಲಿ ನಮ್ಮ ಸೈಟಿಗೆ ರಶ್ಶು.

ದಿನಕ್ಕೆ ಒಂದು ಲಕ್ಷ ಹಿಟ್‌ಗಿಂತ ಕಡಿಮೆ ಇರುವ ಸೈಟುಗಳಿಗೆ ಸಾಮಾನ್ಯವಾಗಿ ಸಾಕು ಎನ್ನುವುದು ಎಸ್‌ಕ್ಯೂಲೈಟಿನವರದ್ದೇ ಅಂದಾಜು. ಅದೂ ಕೈ ಹಿಡಿದು ಹೇಳಿದ ಲೆಕ್ಕ. ಅವರ ಸ್ವಂತ ಸೈಟ್ ಓಡುವುದೂ ಎಸ್‌ಕ್ಯೂಲೈಟಿನ ಮೇಲೆ. ದಿನಕ್ಕೆ ನಾಲ್ಕೈದು ಲಕ್ಷ ವಿನಂತಿ ಬರುತ್ತದೆ, ಅದರಲ್ಲಿ ಶೇಕಡಾ 15ರಿಂದ 20ರಷ್ಟು ಡೇಟಾಬೇಸ್ ಮುಟ್ಟುತ್ತವೆ ಎಂದು 2015ರಲ್ಲೇ ಬರೆದುಕೊಂಡಿದ್ದರು.

ದಿನಕ್ಕೆ 86,400 ಸೆಕೆಂಡ್. ಒಂದು ಲಕ್ಷ ಹಿಟ್ ಎಂದರೆ ಸೆಕೆಂಡಿಗೆ ಒಂದು ಚಿಲ್ಲರೆ, ಅಷ್ಟೇ. ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯಕ್ಕೆ ರೂಮ್ ಹುಡುಕುವವರು ಮುಗಿಬಿದ್ದರೂ ಹೆಚ್ಚಿನವರು ನೋಡುವವರು. ಓದುವವರು ಎಷ್ಟು ಜನ ಇದ್ದರೂ ಒಟ್ಟಿಗೆ ಓದಬಹುದು. ಬರೆಯುವುದು ಮಾತ್ರ ಒಂದು ಸಲಕ್ಕೆ ಒಬ್ಬರೇ. ಒಂದು ಬುಕಿಂಗ್ ಬರೆಯಲು ಕೆಲವು ಮಿಲಿಸೆಕೆಂಡ್ ಸಾಕಾಗುವುದರಿಂದ ಸಾಲು ಬೇಗ ಕರಗುತ್ತದೆ. ಅಂಥ ದಿನ ಸೈಟ್ ನಿಧಾನ ಆದರೆ ಮೊದಲು ಮುಖಪುಟದ ಫೋಟೊಗಳ ಗಾತ್ರ ನೋಡಿ. ಆರು ಎಂಬಿಯ ರಥದ ಫೋಟೊವನ್ನು ಹಾಗೆಯೇ ಹಾಕಿರುತ್ತೀರಿ, ಬೈಗುಳ ಮಾತ್ರ ಡೇಟಾಬೇಸಿಗೆ.

'ಡೇಟಾಬೇಸ್ ಈಸ್ ಲಾಕ್ಡ್' ಎಂದು ಬರುತ್ತದೆ. ಕೆಟ್ಟುಹೋಯಿತಾ?

ಕೆಟ್ಟಿಲ್ಲ. ಒಬ್ಬರು ಬರೆಯುವಾಗ ಇನ್ನೊಬ್ಬರು ಬರೆಯಲು ಬಂದು, ಕಾಯದೆ ವಾಪಸ್ ಹೋಗಿದ್ದಾರೆ. ಮೂರು ಕೆಲಸ ಮಾಡಿ.

ಮೊದಲನೆಯದು ವಾಲ್ (ರೈಟ್-ಅಹೆಡ್ ಲಾಗ್) ಮೋಡ್ ಹಾಕುವುದು. 2010ರಿಂದ ಇರುವ ಸೌಲಭ್ಯ. ಹೊಸ ಬರಹ ಮೊದಲು ಪಕ್ಕದ ಒಂದು ಫೈಲಿಗೆ ಹೋಗುತ್ತದೆ, ಆಮೇಲೆ ಮುಖ್ಯ ಫೈಲಿಗೆ ಸೇರುತ್ತದೆ. ಹಾಗಾಗಿ ಬರೆಯುವವರಿಂದ ಓದುವವರಿಗೆ ತಡೆ ಇಲ್ಲ. ಒಂದು ಸಲ ಹಾಕಿದರೆ ಫೈಲಿನಲ್ಲೇ ಉಳಿಯುತ್ತದೆ.

ಎರಡನೆಯದು ಬ್ಯುಸಿ ಟೈಮ್‌ಔಟ್. ಮೂಲದಲ್ಲಿ ಇದು ಸೊನ್ನೆ, ಎಂದರೆ ಬಾಗಿಲು ಮುಚ್ಚಿದ್ದರೆ ಆ ಕ್ಷಣವೇ ಹೊರಟುಹೋಗುವುದು. ಐದು ಸೆಕೆಂಡ್ ಕಾಯಲು ಹೇಳಿ. ಪೈಥಾನಿನಲ್ಲಿ ಐದು ಸೆಕೆಂಡ್ ಮೊದಲೇ ಇರುತ್ತದೆ.

ಮೂರನೆಯದು ಯಾರೂ ಹೇಳದೆ ಬಿಡುವುದು. ಮೊದಲು ಓದಿ ಆಮೇಲೆ ಬರೆಯುವ ಕೆಲಸವನ್ನು ಸಾದಾ 'ಬಿಗಿನ್' ಬದಲು 'ಬಿಗಿನ್ ಇಮೀಡಿಯಟ್' ಎಂದು ಶುರು ಮಾಡಿ. ಇಲ್ಲವಾದರೆ ಓದಿ ಮುಗಿಸಿ ಬರೆಯಲು ಹೋಗುವಷ್ಟರಲ್ಲಿ ಇನ್ನೊಬ್ಬರು ಬರೆದಿರುತ್ತಾರೆ. ಆಗ ಟೈಮ್‌ಔಟ್ ಎಷ್ಟು ಇಟ್ಟರೂ ಕಾಯದೆ ಎರರ್ ಬರುತ್ತದೆ.

ಇನ್ನೊಂದು, ವಹಿವಾಟು ('ಬಿಗಿನ್' ಎಂದು ಶುರುವಾಗುವ, ಎಲ್ಲವೂ ಒಟ್ಟಿಗೇ ಆಗಬೇಕಾದ ಕೆಲಸಗಳ ಕಟ್ಟು) ತೆರೆದಿಟ್ಟುಕೊಂಡು ಎಸ್‌ಎಂಎಸ್ ಕಳಿಸಲು ಹೋಗಬೇಡಿ. ಆ ಕಡೆ ನೆಟ್ ನಿಧಾನವಾದರೆ ಇಲ್ಲಿ ಎಲ್ಲರೂ ಸಾಲಿನಲ್ಲಿ.

ಮಲ್ಪೆಯ ನಮ್ಮ ಹೋಂಸ್ಟೇಯಲ್ಲಿ ಒಂದೇ ರೂಮ್ ಇಬ್ಬರಿಗೆ ಬುಕ್ ಆಯಿತು. ದೊಡ್ಡ ಡೇಟಾಬೇಸ್ ಹಾಕಿದರೆ ಸರಿ ಆದೀತಾ?

ಆಗುವುದಿಲ್ಲ. ಸುಮ್ನೆ ದುಡ್ಡು ದಂಡ.

ಆಗಿದ್ದು ಏನು ಎಂದು ನೋಡೋಣ. ನಿಮ್ಮ ಕೋಡ್ ಮೊದಲು 'ರೂಮ್ 3 ಖಾಲಿ ಉಂಟಾ' ಎಂದು ಕೇಳುತ್ತದೆ. ಖಾಲಿ. ಆಮೇಲೆ ಬರೆಯುತ್ತದೆ. ಈ ಎರಡರ ನಡುವಿನ ಅರ್ಧ ಸೆಕೆಂಡಿನಲ್ಲಿ ಇನ್ನೊಬ್ಬರಿಗೂ 'ಖಾಲಿ' ಎಂದೇ ಉತ್ತರ ಸಿಕ್ಕಿದೆ. ಇಬ್ಬರೂ ಬರೆದರು. ಪೋಸ್ಟ್‌ಗ್ರೆಸ್ ಇದ್ದರೂ ಇದೇ ಆಗುತ್ತಿತ್ತು.

ಕಾವಲು ಕೋಡಿನಲ್ಲಿ ಇದ್ದರೆ ಸಾಲದು, ಕೋಷ್ಟಕದಲ್ಲೇ ಇರಬೇಕು. ಹೆಚ್ಚಿನವರು ಬುಕಿಂಗನ್ನು 'ಬರುವ ದಿನ, ಹೋಗುವ ದಿನ' ಎಂದು ಒಂದು ಸಾಲಿನಲ್ಲಿ ಬರೆಯುತ್ತಾರೆ. 16ರಿಂದ 19 ಒಬ್ಬರು, 18ರಿಂದ 20 ಇನ್ನೊಬ್ಬರು. ಸಾಲುಗಳು ಬೇರೆ ಬೇರೆ ಇರುವುದರಿಂದ ಡೇಟಾಬೇಸಿಗೆ ಜಗಳ ಕಾಣುವುದಿಲ್ಲ. ಅದರ ಬದಲು ಇನ್ನೊಂದು ಕೋಷ್ಟಕದಲ್ಲಿ ರಾತ್ರಿಗೊಂದು ಸಾಲು ಬರೆಯಿರಿ: ರೂಮ್ 3, ಜನವರಿ 16. ರೂಮ್ 3, ಜನವರಿ 17. ರೂಮ್ 3, ಜನವರಿ 18. ರೂಮ್ ಮತ್ತು ದಿನಾಂಕ ಎರಡೂ ಸೇರಿದ ಜೋಡಿ 'ಯೂನಿಕ್', ಎಂದರೆ ಎರಡು ಸಲ ಬರಕೂಡದು, ಎಂದು ನಿಬಂಧನೆ ಹಾಕಿ. ಎಲ್ಲ ರಾತ್ರಿಗಳನ್ನೂ ಒಂದೇ ವಹಿವಾಟಿನಲ್ಲಿ ಬರೆಯಿರಿ. ಎರಡನೆಯವರ 18ನೇ ರಾತ್ರಿಗೆ ಬಂದಾಗ ಡೇಟಾಬೇಸೇ 'ಇಲ್ಲ' ಎನ್ನುತ್ತದೆ, ಅವರ ಉಳಿದ ರಾತ್ರಿಗಳೂ ವಾಪಸ್ ಆಗುತ್ತವೆ. ನಿಮ್ಮ ಕೋಡ್ ಆ ಎರರ್ ಹಿಡಿದು 'ಕ್ಷಮಿಸಿ, ಈಗಷ್ಟೇ ಹೋಯಿತು' ಎಂದು ತೋರಿಸಿದರೆ ಮುಗಿಯಿತು. ಹೋಗುವ ದಿನದ ರಾತ್ರಿಯನ್ನು ಬರೆಯಬೇಡಿ, ಅದು ಮುಂದಿನವರದ್ದು.

ಇಷ್ಟಾದರೂ ಫೋನಿನಲ್ಲಿ 'ಆಯ್ತು ಬನ್ನಿ' ಎಂದು ಹೇಳಿ ಸೈಟಿನಲ್ಲಿ ಬರೆಯದೆ ಬಿಟ್ಟರೆ ಯಾವ ಡೇಟಾಬೇಸೂ ಕಾಯುವುದಿಲ್ಲ.

ಫೋಟೊಗಳನ್ನೂ ಡೇಟಾಬೇಸಿನಲ್ಲೇ ಇಡಬಹುದಾ?

ಸಣ್ಣ ಥಂಬ್‌ನೇಲ್ ಇಡಬಹುದು. ಹತ್ತು ಕೆಬಿ ಆಸುಪಾಸಿನ ತುಣುಕುಗಳನ್ನು ಬಿಡಿ ಫೈಲುಗಳಿಗಿಂತ ಎಸ್‌ಕ್ಯೂಲೈಟ್‌ನಿಂದ ಓದುವುದೇ ಬೇಗ ಎಂದು ಅದನ್ನು ಮಾಡಿದವರು ಅಳೆದು ತೋರಿಸಿದ್ದಾರೆ. ದೊಡ್ಡ ಫೋಟೊಗಳು ಫೋಲ್ಡರಿನಲ್ಲಿರಲಿ, ಡೇಟಾಬೇಸಿನಲ್ಲಿ ಫೈಲಿನ ಹೆಸರು ಮಾತ್ರ. ಇಲ್ಲವಾದರೆ ಬ್ಯಾಕಪ್ ಭಾರವಾಗುತ್ತದೆ.

## ಕನ್ನಡ ಇಡುವವರಿಗೆ

ಕನ್ನಡ ಬರೆದರೆ ಬರೀ ಪ್ರಶ್ನೆಚಿಹ್ನೆ ಕಾಣುತ್ತದೆ.

ಇದು ಹಳೆಯ ಮೈಎಸ್‌ಕ್ಯೂಎಲ್ ಕಾಯಿಲೆ. ಕೋಷ್ಟಕ ಲ್ಯಾಟಿನ್1 ಎಂಬ ಯುರೋಪಿನ ಅಕ್ಷರ ಸಂಕೇತದಲ್ಲಿ ಇದ್ದರೆ ಕನ್ನಡಕ್ಕೆ ಜಾಗವೇ ಇಲ್ಲ. ಒಮ್ಮೆ ಪ್ರಶ್ನೆಚಿಹ್ನೆ ಆಗಿ ಉಳಿದದ್ದು ವಾಪಸ್ ಬರುವುದಿಲ್ಲ, ಮತ್ತೆ ಟೈಪ್ ಮಾಡಬೇಕು. 'ಯುಟಿಎಫ್8ಎಂಬಿ4' ಎಂದೇ ಹಾಕಿ. ಅಲ್ಲಿನ ಬರೀ 'ಯುಟಿಎಫ್8' ಅಕ್ಷರಕ್ಕೆ ಮೂರು ಬೈಟ್ ಮಾತ್ರ ಕೊಡುತ್ತದೆ. ಕನ್ನಡದ ಪ್ರತಿ ಸಂಕೇತಕ್ಕೂ ಸರಿಯಾಗಿ ಮೂರೇ ಬೈಟ್ ಸಾಕಾದ್ದರಿಂದ ಎಲ್ಲ ಸರಿ ಇದೆ ಎಂದು ನೀವು ಅಂದುಕೊಳ್ಳುತ್ತೀರಿ. ಒಂದು ದಿನ ಯಾರೋ ಅಭಿಪ್ರಾಯದ ಕೊನೆಗೆ ಕೈಮುಗಿಯುವ ಇಮೋಜಿ ಹಾಕುತ್ತಾರೆ. ಅದಕ್ಕೆ ನಾಲ್ಕು ಬೈಟ್ ಬೇಕು. ಎರರ್ ಬರುತ್ತದೆ, ಇಲ್ಲವೇ ಅಲ್ಲಿಂದ ಮುಂದಿನದ್ದು ಮಾಯ.

ಎಸ್‌ಕ್ಯೂಲೈಟಿಗೆ ಈ ತೊಂದರೆ ಇಲ್ಲ. ಅದರಲ್ಲಿ 'ಉಡುಪಿ'ಯ ಉದ್ದ ಕೇಳಿದರೆ 5 ಎನ್ನುತ್ತದೆ. ನಮ್ಮ ಲೆಕ್ಕದಲ್ಲಿ ಮೂರು ಅಕ್ಷರ, ಅದರ ಲೆಕ್ಕದಲ್ಲಿ ಎರಡು ಕಾಗುಣಿತದ ಗುರುತೂ ಸೇರಿ ಐದು. ಹೆಸರಿಗೆ ಅಕ್ಷರಮಿತಿ ಹಾಕುವಾಗ ಇದು ನೆನಪಿರಲಿ.

ಅಕಾರಾದಿ ಜೋಡಿಸಿದರೆ ಹೆಚ್ಚುಕಡಿಮೆ ಸರಿ ಬರುತ್ತದೆ, ಪೂರ್ತಿ ಅಲ್ಲ. ಯಾಕೆ?

ಳ ಕಾರಣ. ವರ್ಣಮಾಲೆಯಲ್ಲಿ ಅದು ಹ ಆದ ಮೇಲೆ ಬರಬೇಕು. ಯೂನಿಕೋಡಿನಲ್ಲಿ (ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಟ್ಟ ಪಟ್ಟಿ) ಲ ಮತ್ತು ವ ನಡುವೆ ಕೂತಿದೆ. ಎಸ್‌ಕ್ಯೂಲೈಟ್ ಬೈಟ್ ಲೆಕ್ಕದಲ್ಲಿ ಜೋಡಿಸುವುದರಿಂದ 'ಮಳೆ' ಬಂದು 'ಮಸಾಲೆ'ಗಿಂತ ಮುಂದೆ ನಿಲ್ಲುತ್ತದೆ. ನಾನು ಮಾಡುವ ಉಪಾಯ ಇದು: ಜೋಡಣೆಗೆಂದೇ ಇನ್ನೊಂದು ಕಾಲಂ ಇಟ್ಟು, ಅದರಲ್ಲಿ ಳ ಇದ್ದಲ್ಲೆಲ್ಲ ಅವಗ್ರಹ, ಎಂದರೆ ಽ, ಹಾಕುವುದು. ಆ ಗುರುತು ಯೂನಿಕೋಡಿನಲ್ಲಿ ಹ ಆದ ಮೇಲೆ, ಕಾಗುಣಿತದ ಗುರುತುಗಳಿಗಿಂತ ಮೊದಲು ಇದೆ. ಸರಿಯಾಗಿ ಬೇಕಾದ ಜಾಗ. ಜನರಿಗೆ ತೋರಿಸುವುದು ಮೂಲ ಕಾಲಂ.

ಸೈಟಿನಲ್ಲಿ 'ಮೀನು' ಹುಡುಕಿದರೆ ಏನೇನೋ ಬರುತ್ತದೆ. 'ಕೋಟ' ಹುಡುಕಿದರೆ ಸಿಗುವುದೇ ಇಲ್ಲ.

ಎರಡೂ ಬೇರೆ ಬೇರೆ ರೋಗ.

ಎಸ್‌ಕ್ಯೂಲೈಟಿನ ಪಠ್ಯ ಹುಡುಕಾಟಕ್ಕೆ ಎಫ್‌ಟಿಎಸ್5 ಎಂಬ ಭಾಗ ಇದೆ. ಪದ ಒಡೆಯಲು ಅದು ಮಾಮೂಲಾಗಿ ಬಳಸುವುದು ಯೂನಿಕೋಡ್61 ಎಂಬ ಪದ್ಧತಿ. ಅಕ್ಷರ, ಅಂಕಿ ಬಿಟ್ಟು ಉಳಿದದ್ದೆಲ್ಲ ಅದಕ್ಕೆ ಪದದ ಗಡಿ. ಕಾಗುಣಿತದ ಗುರುತುಗಳು ಯೂನಿಕೋಡಿನಲ್ಲಿ ಅಕ್ಷರದ ವರ್ಗಕ್ಕೆ ಸೇರುವುದಿಲ್ಲ. ಹಾಗಾಗಿ 'ಮೀನು' ಒಡೆದು ಮ, ನ ಎಂದು ಎರಡು ಚೂರು. 'ಮಾನ' ಒಡೆದರೂ ಮ, ನ. 'ಮೌನ' ಒಡೆದರೂ ಅದೇ. ಮೀನು ಹುಡುಕಿದವರಿಗೆ ಮೌನ ಸಿಗುವುದು ಹೀಗೆ. ಕೋಷ್ಟಕ ಮಾಡುವಾಗ ಕೆಟಗರೀಸ್ ಎಂಬ ಆಯ್ಕೆಯಲ್ಲಿ ಈಗಿರುವ ವರ್ಗಗಳ ಜೊತೆ ಎಂಎನ್, ಎಂಸಿ ಎಂಬ ಎರಡನ್ನೂ ಸೇರಿಸಿ. ಅವೇ ನಮ್ಮ ಗುರುತುಗಳು.

'ಕೋಟ'ದ ಸಮಸ್ಯೆ ಟೈಪಿಂಗಿನದ್ದು. ಕೋ ಎಂಬುದರ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಡೇಟಾಬೇಸಿಗೆ ಬೇರೆ. ಒಳಗೆ ಬರುವ ಪಠ್ಯವನ್ನೂ ಹುಡುಕುವ ಪದವನ್ನೂ ಎನ್‌ಎಫ್‌ಸಿ ಎಂಬ, ತುಂಡುಗಳನ್ನು ಕೂಡಿಸಿ ಒಂದೇ ಸಂಕೇತ ಮಾಡುವ ರೂಪಕ್ಕೆ ತಂದು ಆಮೇಲೆ ಇಡಿ. ಪೈಥಾನ್, ಜಾವಾಸ್ಕ್ರಿಪ್ಟ್ ಎರಡರಲ್ಲೂ ಇದು ಒಂದು ಸಾಲಿನ ಕೆಲಸ.

## ಓಡಿಸಲು ಶುರು ಮಾಡಿದ ಮೇಲೆ

ಡೇಟಾಬೇಸ್ ಫೈಲನ್ನು ಎಲ್ಲಿ ಇಡಬೇಕು?

ಸೈಟಿನ ಸಾರ್ವಜನಿಕ ಫೋಲ್ಡರಿನ ಹೊರಗೆ. ಒಳಗೆ ಇಟ್ಟರೆ ಯಾರು ಬೇಕಾದರೂ ಬ್ರೌಸರಿನಲ್ಲಿ ಫೈಲಿನ ಹೆಸರು ಹೊಡೆದು ನಿಮ್ಮ ಗಿರಾಕಿಗಳ ಫೋನ್ ನಂಬರ್ ಸಮೇತ ಇಳಿಸಿಕೊಳ್ಳಬಹುದು. ಫೈಲಿಗೆ ಮಾತ್ರವಲ್ಲ, ಅದು ಇರುವ ಫೋಲ್ಡರಿಗೂ ಬರೆಯುವ ಅನುಮತಿ ಬೇಕು, ಪಕ್ಕದಲ್ಲಿ ತಾತ್ಕಾಲಿಕ ಫೈಲುಗಳನ್ನು ಮಾಡುತ್ತದಲ್ಲ. ನೆಟ್‌ವರ್ಕ್ ಡ್ರೈವಿನಲ್ಲಿ ಇಡಬೇಡಿ. ಅಲ್ಲಿ ಬೀಗದ ವ್ಯವಸ್ಥೆಯನ್ನು ನಂಬುವ ಹಾಗಿಲ್ಲ, ವಾಲ್ ಮೋಡ್ ಅಂತೂ ನಡೆಯುವುದೇ ಇಲ್ಲ. ಪುಕ್ಕಟೆ ಕ್ಲೌಡ್ ಹೋಸ್ಟಿಂಗ್ ಆದರೆ ರೀಸ್ಟಾರ್ಟ್ ಆದಾಗ ಡಿಸ್ಕ್ ಉಳಿಯುತ್ತದಾ ಎಂದು ಮೊದಲೇ ಕೇಳಿ. ಹಲವು ಕಡೆ ಉಳಿಯುವುದಿಲ್ಲ.

ಬ್ಯಾಕಪ್ ಎಂದರೆ ಫೈಲ್ ಕಾಪಿ ಮಾಡಿದರೆ ಆಯಿತಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ.

ಒಂದು ಹೋಂಸ್ಟೇ ಸೈಟನ್ನು ಹೊಸ ಸರ್ವರಿಗೆ ಒಯ್ಯುವಾಗ ಡೇಟಾಬೇಸ್ ಫೈಲ್ ಒಂದನ್ನೇ ಕಾಪಿ ಮಾಡಿದೆ. ಹಳೆಯದು ಓಡುತ್ತಲೇ ಇತ್ತು. ಎರಡು ದಿನ ಬಿಟ್ಟು ಹುಬ್ಬಳ್ಳಿಯ ಒಂದು ಕುಟುಂಬ ಬ್ಯಾಗು, ಮಕ್ಕಳು, ಮರಳಾಟದ ಬಕೆಟ್ ಸಮೇತ ಬಂದು ಮೊಬೈಲಿನಲ್ಲಿ ಮೆಸೇಜ್ ತೋರಿಸಿತು. ರಿಜಿಸ್ಟರಿನಲ್ಲಿ ಅವರ ಹೆಸರಿಲ್ಲ. ನಾನು ಕಾಪಿ ಮಾಡಿದ ಹೊತ್ತಿನಲ್ಲಿ ಅವರ ಬುಕಿಂಗ್ ಇನ್ನೂ ಪಕ್ಕದ ವಾಲ್ ಫೈಲಿನಲ್ಲಿ ಇತ್ತು. ಅದು ಮುಖ್ಯ ಫೈಲಿಗೆ ಸೇರುವುದು ಸಾಮಾನ್ಯವಾಗಿ ಸಾವಿರ ಪುಟ ತುಂಬಿದ ಮೇಲೆ. ಸಣ್ಣ ಸೈಟಿನಲ್ಲಿ ಸಾವಿರ ಪುಟ ತುಂಬಲು ಬಹಳ ದಿನ ಬೇಕಾಗುತ್ತದೆ. ಪುಣ್ಯಕ್ಕೆ ರೂಮ್ ಖಾಲಿ ಇತ್ತು, ಹಳೆ ಸರ್ವರನ್ನೂ ಅಳಿಸಿರಲಿಲ್ಲ. ಓನರಮ್ಮ ನನಗೆ ಚಾ ಕೊಟ್ಟರು, ಮಾತಾಡಲಿಲ್ಲ.

ಸರಿಯಾದ ದಾರಿ ಎರಡು. ಎಸ್‌ಕ್ಯೂಲೈಟಿನ ಕಮಾಂಡ್ ಉಪಕರಣದಲ್ಲಿ ಇರುವ ಬ್ಯಾಕಪ್ ಆಜ್ಞೆ ಬಳಸಿ, ಇಲ್ಲವೇ 'ವ್ಯಾಕ್ಯೂಮ್ ಇಂಟು' ಕೊಡಿ. ಎರಡೂ ಓಡುತ್ತಿರುವ ಡೇಟಾಬೇಸಿನಿಂದ ಪೂರ್ತಿ ಪ್ರತಿ ತೆಗೆಯುತ್ತವೆ. ರಾತ್ರಿ ಎರಡು ಗಂಟೆಗೆ ತಾನಾಗಿ ನಡೆಯುವಂತೆ ಇಟ್ಟು, ಪ್ರತಿಯನ್ನು ಬೇರೆ ಊರಿನ ಸರ್ವರಿಗೆ ಕಳಿಸಿ. ತಿಂಗಳಿಗೊಮ್ಮೆ ಆ ಪ್ರತಿಯನ್ನು ತೆರೆದು ಕೊನೆಯ ಬುಕಿಂಗ್ ಯಾವ ದಿನದ್ದು ಎಂದು ನೋಡಿ. ಕ್ಷಣಕ್ಷಣಕ್ಕೂ ಪ್ರತಿ ಬೇಕು ಎನ್ನುವವರಿಗೆ ಲೈಟ್‌ಸ್ಟ್ರೀಮ್ ಎಂಬ ಉಪಕರಣ ಇದೆ.

ಅಂಗಡಿಯ ಕಂಪ್ಯೂಟರಿನಲ್ಲೇ ಓಡಿಸುತ್ತೇವೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಫೈಲ್ ಹಾಳಾಗುತ್ತದಾ?

ಬರೆಯುತ್ತಿರುವಾಗಲೇ ಕರೆಂಟ್ ಹೋದರೂ ವಹಿವಾಟು ಪೂರ್ತಿ ಆಗಿರುತ್ತದೆ, ಇಲ್ಲವೇ ಆಗಿಯೇ ಇರುವುದಿಲ್ಲ. ಅರ್ಧಂಬರ್ಧ ಉಳಿಯುವುದಿಲ್ಲ. ಮುಂದಿನ ಸಲ ತೆರೆದಾಗ ತಾನೇ ಸರಿಮಾಡಿಕೊಳ್ಳುತ್ತದೆ. ಆದರೆ 'ಇದು ಯಾವುದೋ ಕಸದ ಫೈಲ್' ಎಂದು ಜರ್ನಲ್ ಅಥವಾ ವಾಲ್ ಎಂದು ಕೊನೆಯಾಗುವ ಫೈಲನ್ನು ಅಳಿಸಬೇಡಿ. ಸರಿಮಾಡಲು ಬೇಕಾದ್ದೆಲ್ಲ ಅದರಲ್ಲೇ ಇರುತ್ತದೆ. ಪೆನ್‌ಡ್ರೈವ್, ಅಗ್ಗದ ಮೆಮೊರಿ ಕಾರ್ಡ್ ಬೇಡ. ಬರೆಯದೆಯೇ 'ಬರೆದೆ' ಎಂದು ಹೇಳುವ ಚಾಳಿ ಅವುಗಳಲ್ಲಿ ಕೆಲವಕ್ಕೆ ಇದೆ. ಸಿಡಿಲಿಗೆ ಮಾತ್ರ ಪ್ಲಗ್ ತೆಗೆಯುವುದೊಂದೇ ಮದ್ದು.

ಕೋಷ್ಟಕ ಮಾಡುವಾಗ ಜನ ಜಾಸ್ತಿ ಎಡವುವುದು ಎಲ್ಲಿ?

ಫೋನ್ ನಂಬರನ್ನು ಅಂಕಿಯಾಗಿ ಇಡುವುದರಲ್ಲಿ. 0820ರ ಸೊನ್ನೆ ಹಾರಿಹೋಗುತ್ತದೆ, ಪಠ್ಯವಾಗಿ ಇಡಿ. ಎಸ್‌ಕ್ಯೂಲೈಟಿನಲ್ಲಿ ದಿನಾಂಕಕ್ಕೆಂದೇ ಬೇರೆ ಮಾದರಿ ಇಲ್ಲ, 2026-01-18 ಎಂದು ವರ್ಷ ಮೊದಲು ಬರೆದರೆ ಜೋಡಣೆ ತಾನಾಗಿ ಸರಿ ಬರುತ್ತದೆ. ಫಾರಿನ್ ಕೀ (ಒಂದು ಕೋಷ್ಟಕದ ಸಾಲಿನಿಂದ ಇನ್ನೊಂದರ ಸಾಲಿಗೆ ಇರುವ ಕೊಂಡಿ) ತಪಾಸಣೆ ಮೊದಲಿಗೆ ಆಫ್ ಇರುತ್ತದೆ. ಪ್ರತಿ ಸಲ ಡೇಟಾಬೇಸ್ ತೆರೆದಾಗಲೂ ಆನ್ ಮಾಡಬೇಕು, ಒಂದು ಸಲ ಮಾಡಿದರೆ ಸಾಲದು. ಹೊಸದಾಗಿ ಮಾಡುವ ಕೋಷ್ಟಕಗಳಿಗೆಲ್ಲ 'ಸ್ಟ್ರಿಕ್ಟ್' ಎಂದು ಸೇರಿಸಿ, ಅಂಕಿಯ ಕಾಲಮಿಗೆ ಪಠ್ಯ ಹೋಗದಂತೆ ತಡೆಯುತ್ತದೆ. 2021ರಿಂದ ಈ ಸೌಲಭ್ಯ ಇದೆ.

ವರ್ಷದ ಮೀನಿನ ದರ ಎಲ್ಲ ಕೂಡಿಟ್ಟು ಲೆಕ್ಕ ಹಾಕಬೇಕು. ಡಕ್‌ಡಿಬಿ ಒಳ್ಳೆಯದಂತೆ?

ಲೆಕ್ಕ ಹಾಕಲು ಬಹಳ ಒಳ್ಳೆಯದು. ಅದು ಕಾಲಂ ಕಾಲಂ ಆಗಿ ಇಡುವುದರಿಂದ ಮೊತ್ತ, ಸರಾಸರಿ ಎಲ್ಲ ಚಕಚಕ ಬರುತ್ತದೆ. ಸೈಟಿನ ಬುಕಿಂಗ್ ಬರೆದುಕೊಳ್ಳಲು ಅದನ್ನು ಬಳಸಬೇಡಿ. ಎಸ್‌ಕ್ಯೂಲೈಟ್ ಫೈಲನ್ನು ನೇರವಾಗಿ ಓದಲು ಅದಕ್ಕೆ ಬರುತ್ತದೆ, ಹಾಗಾಗಿ ಎರಡನ್ನೂ ಇಟ್ಟುಕೊಳ್ಳಬಹುದು.

ಎಸ್‌ಕ್ಯೂಲೈಟ್ ಬಿಟ್ಟು ಮುಂದೆ ಹೋಗಬೇಕು ಎಂದು ಯಾವಾಗ ಗೊತ್ತಾಗುತ್ತದೆ?

ಸೈಟನ್ನು ಎರಡು ಸರ್ವರಿನಲ್ಲಿ ಓಡಿಸಬೇಕಾದಾಗ. ಬರೆಯುವವರ ಸಾಲು ಕರಗದೆ ಉಳಿದಾಗ. ಬೇರೆ ಬೇರೆ ಕಂಪ್ಯೂಟರಿನಿಂದ ಅಕೌಂಟೆಂಟ್, ಮ್ಯಾನೇಜರ್ ನೇರವಾಗಿ ಡೇಟಾಬೇಸಿಗೇ ಕೈಹಾಕಬೇಕಾದಾಗ. ಫೈಲ್ ದೊಡ್ಡದಾಯಿತು ಎಂಬುದು ಕಾರಣ ಅಲ್ಲ, ಅದರ ಮಿತಿ 281 ಟೆರಾಬೈಟ್.

ಹೊರಡುವುದಾದರೆ ವ್ಯಾಪಾರ ತಣ್ಣಗಿರುವಾಗ ಹೊರಡಿ. ಮೀನಿನ ದರದ ಒಂದು ಸೈಟನ್ನು ನಾನು ಪೋಸ್ಟ್‌ಗ್ರೆಸ್ಸಿಗೆ ಒಯ್ದದ್ದು ಟ್ರಾಲಿಂಗ್ ರಜೆಯಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಮೀನು ಇಳಿಸುವ ಧಕ್ಕೆಯಲ್ಲಿ ಏಲಂ ತೀರಾ ಕಡಿಮೆ. ಕೋಷ್ಟಕಗಳನ್ನು ಸಾಗಿಸಲು ಒಂದು ಮಧ್ಯಾಹ್ನ ಸಾಕಾಯಿತು. ಆಮೇಲೆ ಪೋಸ್ಟ್‌ಗ್ರೆಸ್ ಒಂದು ಸಾಲಿನ ಹತ್ತಿರ ನಿಂತಿತು, ಜಪ್ಪಯ್ಯ ಎಂದರೂ ಮುಂದೆ ಹೋಗಲಿಲ್ಲ. ತೆಗೆದು ನೋಡಿದರೆ ಬಂಗುಡೆಯ ದರ ಇರಬೇಕಾದ ಅಂಕಿಯ ಕಾಲಮಿನಲ್ಲಿ 'ಸಂಜೆ ಹೇಳ್ತೇನೆ' ಎಂದು ಬರೆದಿತ್ತು. ಸ್ಟ್ರಿಕ್ಟ್ ಇಲ್ಲದ ಎಸ್‌ಕ್ಯೂಲೈಟ್ ಅದನ್ನು ಎರಡು ವರ್ಷ ಏನೂ ಹೇಳದೆ ಇಟ್ಟುಕೊಂಡಿತ್ತು. ಅಂಥ ಸಾಲು ಒಟ್ಟು ಹದಿನೇಳು ಸಿಕ್ಕಿತು.